ಹೂಗಿಡದ ತವರು ಯಾವುದು? ನೀರು ಹಾಕುವ ಮೊದಲು ಇದನ್ನು ಕೇಳಿ

ನನ್ನ ಸೇವಂತಿಗೆ ಗಿಡದ ಎಡಗಡೆ ಮೈತುಂಬ ಮೊಗ್ಗು, ಬಲಗಡೆ ಬರೀ ಎಲೆ. ಕುಂಡ ಒಂದೇ, ಮಣ್ಣು ಒಂದೇ, ಗೊಬ್ಬರವೂ ಒಂದೇ. ರೋಗ ಇರಬೇಕು ಅಂದುಕೊಂಡೆ. ಎಲೆ ಮಗುಚಿ ಹುಳ ಹುಡುಕಿದೆ. ಇನ್ನೊಂದು ಹಿಡಿ ಗೊಬ್ಬರ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಒಂದು ರಾತ್ರಿ ಬಾಗಿಲು ತೆಗೆದಾಗ ಕಾರಣ ಕಣ್ಣೆದುರಿಗೇ ಇತ್ತು. ಬಾಗಿಲ ಮೇಲಿನ ಬಲ್ಬಿನ ಬೆಳಕು ಗಿಡದ ಬಲಗಡೆಗೆ ನೇರವಾಗಿ ಬೀಳುತ್ತಿತ್ತು. ಎಡಗಡೆ ಕಂಬದ ನೆರಳಲ್ಲಿತ್ತು.

ಸೇವಂತಿಗೆ ಚೀನಾ ಕಡೆಯ ಗಿಡ. ಅಲ್ಲಿ ಬೇಸಿಗೆ ಮುಗಿದು, ರಾತ್ರಿಗಳು ಉದ್ದವಾಗುವ ಕಾಲಕ್ಕೆ ಅದು ಹೂ ಬಿಡುತ್ತದೆ. ಉದ್ದನೆಯ ಕತ್ತಲೇ ಅದಕ್ಕೆ ಸಮಯ ಹೇಳುವ ಗಡಿಯಾರ. ನನ್ನ ಬಲ್ಬು ಅರ್ಧ ಗಿಡದ ಗಡಿಯಾರವನ್ನು ಕೆಡಿಸಿತ್ತು.

ಆವತ್ತಿನಿಂದ ಹೊಸ ಗಿಡ ಬಂದಾಗ ನಾನು ಮೊದಲು ಕೇಳುವುದು "ಇದಕ್ಕೆ ಎಷ್ಟು ನೀರು?" ಅಂತಲ್ಲ, "ಇದರ ತವರು ಯಾವುದು?" ಅಂತ. ತವರು ಗೊತ್ತಾದರೆ ನೀರು, ಬಿಸಿಲು, ಮಣ್ಣು, ಸವರುವ ಕಾಲ ಎಲ್ಲವೂ ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ. ಇದನ್ನು ನಿಮ್ಮ ತೋಟದಲ್ಲಿ ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಹೆಸರನ್ನು ನಂಬಬೇಡಿ, ಹುಟ್ಟಿದ ಜಾಗ ಹುಡುಕಿ

ಹೂಗಳ ಹೆಸರು ತುಂಬಾ ಸಲ ದಾರಿ ತಪ್ಪಿಸುತ್ತದೆ. ದೊಡ್ಡ ಚೆಂಡುಹೂವಿಗೆ ಆಫ್ರಿಕನ್ ಮಾರಿಗೋಲ್ಡ್ ಅಂತಾರೆ, ಚಿಕ್ಕದಕ್ಕೆ ಫ್ರೆಂಚ್ ಮಾರಿಗೋಲ್ಡ್ ಅಂತಾರೆ. ಎರಡರ ತವರೂ ಮೆಕ್ಸಿಕೋ ಮತ್ತು ಅದರ ಪಕ್ಕದ ನಾಡುಗಳು. ಸ್ಪೇನಿನವರು 16ನೇ ಶತಮಾನದಲ್ಲಿ ಅಲ್ಲಿಂದ ಬೀಜ ಒಯ್ದರು. ಆಮೇಲೆ ಗಿಡ ಯಾವ ದಾರಿಯಲ್ಲಿ ಬಂತೋ ಆ ದಾರಿಯ ಹೆಸರು ಅಂಟಿಕೊಂಡಿತು.

ಕುಂಡಗಳಲ್ಲಿ ಬೆಳೆಸುವ ಜೆರೇನಿಯಂ ಕೂಡ ಹೀಗೇ. ಅದು ನಿಜವಾಗಿ ಪೆಲಾರ್ಗೋನಿಯಂ, ದಕ್ಷಿಣ ಆಫ್ರಿಕಾದ ಗಿಡ. 1789ರಲ್ಲೇ ಸಸ್ಯಶಾಸ್ತ್ರಜ್ಞರು ಎರಡನ್ನೂ ಬೇರೆ ಮಾಡಿದರು. ಆದರೆ ಜನರ ಬಾಯಲ್ಲಿ ಹಳೇ ಹೆಸರೇ ಉಳಿಯಿತು. ಇದು ಬರೀ ಹೆಸರಿನ ಜಗಳ ಅಲ್ಲ. ನಿಜವಾದ ಜೆರೇನಿಯಂಗಳಲ್ಲಿ ಹಲವು ಚಳಿ ತಡೆಯುತ್ತವೆ, ಪೆಲಾರ್ಗೋನಿಯಂ ಹಿಮ ಬಿದ್ದರೆ ಸಾಯುತ್ತದೆ. ಒಂದರ ಆರೈಕೆ ಓದಿಕೊಂಡು ಇನ್ನೊಂದಕ್ಕೆ ಮಾಡಿದರೆ ಗಿಡ ಉಳಿಯುವುದಿಲ್ಲ.

ಆದ್ದರಿಂದ ಗಿಡದ ಚೀಟಿಯಲ್ಲಿರುವ ಸಸ್ಯಶಾಸ್ತ್ರದ ಹೆಸರನ್ನು ಬರೆದಿಟ್ಟುಕೊಳ್ಳಿ. ಚೀಟಿ ಇಲ್ಲದಿದ್ದರೆ ಕೊಟ್ಟವರನ್ನು ಕೇಳಿ. ಎರಡು ಪದದ ಆ ಹೆಸರು ಇದ್ದರೆ ತವರನ್ನು ಹುಡುಕುವುದು ಐದು ನಿಮಿಷದ ಕೆಲಸ.

ಹೆಜ್ಜೆ 2: ಆ ಜಾಗದ ಬಗ್ಗೆ ನಾಲ್ಕು ವಿಷಯ ತಿಳಿದುಕೊಳ್ಳಿ

ದೇಶದ ಹೆಸರು ಒಂದೇ ಸಾಲದು. ಬೆಟ್ಟವೋ ಕರಾವಳಿಯೋ ನೋಡಿ. ಆಮೇಲೆ ಈ ನಾಲ್ಕನ್ನು ಕೇಳಿ. ಅಲ್ಲಿ ಮಳೆ ಯಾವಾಗ ಬರುತ್ತದೆ, ಬಿಸಿ ಕಾಲದಲ್ಲೋ ಚಳಿ ಕಾಲದಲ್ಲೋ? ರಾತ್ರಿ ತಂಪಾಗುತ್ತದೆಯೇ? ಮಣ್ಣು ಎಂಥದು, ಕಲ್ಲು ಮರಳೋ, ಕಾಡಿನ ಕೊಳೆತ ಎಲೆಯೋ? ಗಿಡ ಬಯಲಲ್ಲಿ ನಿಂತಿದೆಯೋ, ಮರದಡಿಯೋ?

ಮಳೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ದಕ್ಷಿಣ ಆಫ್ರಿಕಾವನ್ನೇ ನೋಡಿ. ಅದರ ಪಶ್ಚಿಮದ ತುದಿಯಲ್ಲಿ ಮಳೆ ಚಳಿಗಾಲದಲ್ಲಿ ಬರುತ್ತದೆ, ಬೇಸಿಗೆ ಒಣಗಿರುತ್ತದೆ. ಫ್ರೀಸಿಯಾ ಅಲ್ಲಿನದು. ತಂಪಿನಲ್ಲಿ ಬೆಳೆದು, ಬಿಸಿಲು ಏರುತ್ತಿದ್ದಂತೆ ಎಲೆ ಒಣಗಿಸಿಕೊಂಡು ಗಡ್ಡೆಯೊಳಗೆ ಮಲಗಿಬಿಡುತ್ತದೆ. ಪೂರ್ವದ ಕಡೆ ಬೇಸಿಗೆಯಲ್ಲಿ ಮಳೆ. ಜರ್ಬೆರಾ ಆ ಕಡೆಯದು, ಬೆಚ್ಚಗಿರುವಾಗಲೇ ಅದಕ್ಕೆ ನೀರು ಬೇಕು. ದೇಶ ಒಂದೇ, ಆರೈಕೆ ಪೂರ್ತಿ ತಿರುಗುಮುರುಗು. ಬೇಸಿಗೆಯಲ್ಲಿ ಒಣಗಿದ ಫ್ರೀಸಿಯಾಕ್ಕೆ ಪಾಪ ಅಂತ ನೀರು ಸುರಿದರೆ ಗಡ್ಡೆ ಕೊಳೆಯುತ್ತದೆ.

ಮಣ್ಣಿನ ಪ್ರಶ್ನೆಗೆ ಹೈಡ್ರೇಂಜಿಯಾ ಒಳ್ಳೆಯ ಉದಾಹರಣೆ. ಜಪಾನಿನ ಕರಾವಳಿಯ, ಮಳೆ ಜಾಸ್ತಿ ಇರುವ ಜಾಗದ ಗಿಡ ಅದು. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ, ಬೇರು ಮಣ್ಣಿನ ಅಲ್ಯೂಮಿನಿಯಂ ಹೀರಿಕೊಂಡು ಹೂ ನೀಲಿಯಾಗುತ್ತದೆ. ಪಿಎಚ್ 6.5 ದಾಟಿದರೆ ಅದೇ ಗಿಡದಲ್ಲಿ ಗುಲಾಬಿ ಬಣ್ಣ. ಬಿಳಿ ತಳಿಗಳು ಮಾತ್ರ ಬಣ್ಣ ಬದಲಿಸುವುದಿಲ್ಲ. ನೀಲಿ ಬೇಕು ಅಂತ ಬಿಳಿ ಗಿಡಕ್ಕೆ ಏನೇನೋ ಸುರಿಯುವವರನ್ನು ನೋಡಿದ್ದೇನೆ, ಪಾಪ ಗಿಡ.

ಹೆಜ್ಜೆ 3: ಮೆಕ್ಸಿಕೋದ ಹೂಗಳಿಗೆ ಒಂದೇ ಪಾತಿ ಮಾಡಿ

ತೋಟದಲ್ಲಿ ನಾವು ಸಾಮಾನ್ಯವಾಗಿ ನೋಡುವ ಹೂಗಳಲ್ಲಿ ಎಷ್ಟೊಂದು ಮೆಕ್ಸಿಕೋದವು ಅಂತ ಮೊದಲ ಸಲ ಪಟ್ಟಿ ಮಾಡಿದಾಗ ನನಗೆ ಆಶ್ಚರ್ಯವಾಗಿತ್ತು. ಚೆಂಡುಹೂವು, ಝಿನ್ನಿಯಾ, ಕಾಸ್ಮೋಸ್, ಡೇಲಿಯಾ, ಸುಗಂಧರಾಜ, ಎಲ್ಲ ಆ ಕಡೆಯವೇ. ಮೊದಲ ನಾಲ್ಕು ಸೂರ್ಯಕಾಂತಿಯ ಬಳಗಕ್ಕೂ ಸೇರಿವೆ. ಬಿಸಿಲು ಧಾರಾಳ, ಬೇಸಿಗೆಯಲ್ಲಿ ಮಳೆ, ಆಮೇಲೆ ಒಣ ಹವೆ, ನೀರು ನಿಲ್ಲದ ಇಳಿಜಾರು. ಇಷ್ಟು ನೆನಪಿಟ್ಟುಕೊಂಡರೆ ಈ ಗುಂಪನ್ನು ಒಟ್ಟಿಗೆ ಬೆಳೆಸಬಹುದು.

ಒಂದು ಚೆಂಡುಹೂವನ್ನು ಕೈಗೆ ತೆಗೆದುಕೊಳ್ಳಿ. ಒಂದು ಎಸಳನ್ನು ಬುಡ ಸಮೇತ ನಿಧಾನವಾಗಿ ಎಳೆಯಿರಿ. ಎಸಳಿನ ಬುಡದಲ್ಲಿ ಬಿಳಿ ಕಡ್ಡಿಯಂಥದ್ದು ಕಾಣುತ್ತದಲ್ವಾ? ಬಲಿತರೆ ಕಪ್ಪು ಬೀಜ ಆಗುವುದು ಅದೇ. ಅಂದರೆ ನೀವು ಎಳೆದದ್ದು ಎಸಳಲ್ಲ, ಒಂದು ಪೂರ್ತಿ ಹೂವು. ಚೆಂಡುಹೂವು ಅಂತ ನಾವು ಕರೆಯುವುದು ನೂರಾರು ಸಣ್ಣ ಹೂಗಳ ಗೊಂಚಲು. ಮೆಕ್ಸಿಕೋದ ಆಜ್ಟೆಕ್ ಜನ ಇದನ್ನು ತಮ್ಮ ಭಾಷೆಯಲ್ಲಿ "ಇಪ್ಪತ್ತು ಹೂ" ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಗೊಂಚಲನ್ನು ಕಣ್ಣಿಟ್ಟು ನೋಡಿದವರೇ ಇಟ್ಟ ಹೆಸರು ಅದು ಅನಿಸುತ್ತದೆ.

ಇದು ತೋಟದಲ್ಲಿ ಯಾಕೆ ಉಪಯೋಗ ಅಂದರೆ, ಇಂಥ ಗೊಂಚಲಿನಲ್ಲಿ ಬೀಜ ಕಟ್ಟುವ ಕೆಲಸ ಶುರುವಾದರೆ ಗಿಡದ ಶಕ್ತಿ ಅಲ್ಲಿಗೇ ಹೋಗುತ್ತದೆ. ಬಾಡಿದ ಹೂವನ್ನು ತೆಗೆಯುತ್ತಾ ಇದ್ದರೆ ಮತ್ತೆ ಮೊಗ್ಗು ಬರುತ್ತದೆ. ತೆಗೆಯುವಾಗ ಬರೀ ಎಸಳು ಕಿತ್ತರೆ ಪ್ರಯೋಜನ ಇಲ್ಲ. ಹೂವಿನ ಹಸಿರು ಬಟ್ಟಲಿನ ಸಮೇತ, ಕೆಳಗಿನ ಎಲೆಯ ಮೇಲ್ಗಡೆ ಚಿವುಟಿ. ಬೀಜ ಬೇಕಾದರೆ ಕೊನೆಯಲ್ಲಿ ನಾಲ್ಕೈದು ಹೂ ಗಿಡದಲ್ಲೇ ಒಣಗಲು ಬಿಡಿ.

ಚೆಂಡುಹೂವಿನ ಬೀಜ ಒಂದು ವಾರದೊಳಗೆ ಮೊಳೆಯುತ್ತದೆ. ಸಸಿಯಲ್ಲಿ ನಾಲ್ಕೈದು ಜೊತೆ ಎಲೆ ಬಂದಾಗ ತುದಿಕುಡಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಇನ್ನೊಂದು ಮಾತು. ತರಕಾರಿ ಪಾತಿಯಲ್ಲಿ ಅಲ್ಲೊಂದು ಇಲ್ಲೊಂದು ಚೆಂಡುಹೂವು ನೆಟ್ಟರೆ ಬೇರಿನ ಜಂತುಹುಳು ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರ ಬೇರಿನಲ್ಲಿ ಆಲ್ಫಾ-ಟರ್ಥಿಯೆನೈಲ್ ಎಂಬ ರಾಸಾಯನಿಕ ಇರುವುದು, ಅದು ಜಂತುಗಳಿಗೆ ವಿಷ ಎನ್ನುವುದು ನಿಜ. ಆದರೆ ಒಂದೆರಡು ಗಿಡದಿಂದ ಆಗುವ ಕೆಲಸ ಅಲ್ಲ. ಇಡೀ ಪಾತಿಗೆ ಒತ್ತಾಗಿ ನೆಟ್ಟು, ಎರಡು ತಿಂಗಳಾದರೂ ಬೆಳೆಯಲು ಬಿಟ್ಟು, ಆಮೇಲೆ ಮಣ್ಣಿಗೆ ಸೇರಿಸಬೇಕು.

ಝಿನ್ನಿಯಾದ ಹೆಸರು ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಝಿನ್ ಅವರಿಂದ ಬಂದದ್ದು. ಕಣ್ಣಿನ ರಚನೆಯನ್ನು ಅಧ್ಯಯನ ಮಾಡಿದ ವೈದ್ಯ ಅವರು. ಕಣ್ಣಿನ ಮಸೂರವನ್ನು ಹಿಡಿದಿಡುವ ಎಳೆಗಳಿಗೂ ಅವರ ಹೆಸರಿದೆ. ಒಣ ಹವೆಯ ಈ ಗಿಡಕ್ಕೆ ಎಲೆ ಒದ್ದೆಯಾಗಿರುವುದು ಆಗಿಬರುವುದಿಲ್ಲ. ಗಿಡಗಳು ಒತ್ತಾಗಿ ನಿಂತು ಗಾಳಿ ಆಡದಿದ್ದರೆ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿರೋಗವೂ ಬರುತ್ತದೆ. ಗಿಡದಿಂದ ಗಿಡಕ್ಕೆ ಒಂದು ಅಡಿ ಜಾಗ ಬಿಡಿ, ನೀರು ಬುಡಕ್ಕೆ ಮಾತ್ರ ಹಾಕಿ. ಸಸಿ ಕಿತ್ತು ನೆಡುವುದೂ ಇದಕ್ಕೆ ಇಷ್ಟ ಇಲ್ಲ, ನೇರವಾಗಿ ಪಾತಿಗೇ ಬೀಜ ಹಾಕಿ.

ಕಾಸ್ಮೋಸ್‌ಗೆ ಬಡ ಮಣ್ಣೇ ಸಾಕು. ಗೊಬ್ಬರ ಜಾಸ್ತಿ ಆದರೆ ಆಳೆತ್ತರ ಬೆಳೆದು, ಬರೀ ಎಲೆ ಬಿಟ್ಟು, ಗಾಳಿಗೆ ಮಲಗುತ್ತದೆ. ಸುಮ್ನೆ ಬಿಟ್ಟರೆ ಚೆನ್ನಾಗಿ ಬರುವ ಹೂ ಅದು.

ಡೇಲಿಯಾಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಮ್ಯಾಡ್ರಿಡ್‌ನ ತೋಟಕ್ಕೆ ಮೆಕ್ಸಿಕೋದಿಂದ ಬಂದ ಬೀಜ ಬೆಳೆಸಿ, 1791ರಲ್ಲಿ ಕವನಿಯೆಸ್ ಎಂಬ ಸಸ್ಯಶಾಸ್ತ್ರಜ್ಞ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ನೆನಪಿಗೆ ಈ ಹೆಸರಿಟ್ಟ. ಕಾಸ್ಮೋಸ್‌ಗೆ ಹೆಸರಿಟ್ಟವನೂ ಅವನೇ, ವರ್ಷವೂ ಅದೇ. 1963ರಲ್ಲಿ ಮೆಕ್ಸಿಕೋ ಡೇಲಿಯಾವನ್ನು ತನ್ನ ರಾಷ್ಟ್ರೀಯ ಹೂವು ಎಂದು ಘೋಷಿಸಿತು. ಇದು ಎತ್ತರದ ಬೆಟ್ಟಗಳ ಗಿಡ. ಹಗಲು ಬಿಸಿಲಿದ್ದರೂ ರಾತ್ರಿ ತಂಪು ಬೇಕು. ಸೆಕೆಯ ರಾತ್ರಿಗಳಲ್ಲಿ ಹೂ ಸಣ್ಣದಾಗುತ್ತದೆ, ಕಾಂಡ ಸೊರಗುತ್ತದೆ. ಹಾಗಾಗಿ ಬಿಸಿ ನಾಡಿನಲ್ಲಿರುವವರು ತಂಪು ಕಾಲದಲ್ಲಿ ಹೂ ಬರುವಂತೆ ಲೆಕ್ಕ ಹಾಕಿ ನೆಡಬೇಕು. ಮಧ್ಯಾಹ್ನದ ಬಿಸಿಲು ತಪ್ಪಿಸಿ, ಬುಡಕ್ಕೆ ಒಣ ಎಲೆ ಹೊದಿಸಿ. ಗಡ್ಡೆ ಪಾಲು ಮಾಡುವಾಗ ಒಂದು ವಿಷಯ ಮರೆಯಬೇಡಿ. ಚಿಗುರು ಒಡೆಯುವ ಕಣ್ಣು ಇರುವುದು ಗಡ್ಡೆಯ ಮೈಮೇಲೆ ಅಲ್ಲ, ಅದು ಹಳೇ ಕಾಂಡಕ್ಕೆ ಸೇರುವ ಕತ್ತಿನಲ್ಲಿ. ಕತ್ತಿನ ತುಂಡಿಲ್ಲದ ಗಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ.

ಹೆಜ್ಜೆ 4: ಬಾಯಾರಿಕೆ ಬೇಕಾದ ಗಿಡಗಳನ್ನು ಬೇರೆ ಇಡಿ

ಬೋಗನ್‌ವಿಲ್ಲಾ ವರ್ಷಗಟ್ಟಲೆ ಹೂ ಬಿಡಲಿಲ್ಲ ಅಂತ ದೂರುವವರ ಮನೆಯಲ್ಲಿ ನಾನು ಮೊದಲು ನೋಡುವುದು ಕುಂಡದ ಮಣ್ಣು. ಬಹಳ ಸಲ ಅದು ಒದ್ದೆಯಾಗೇ ಇರುತ್ತದೆ.

ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಫ್ರಾನ್ಸಿನ ಬೋಗನ್‌ವಿಲ್ ಎಂಬ ನಾವಿಕನ ಹಡಗುಗಳು ರಿಯೋ ಡಿ ಜನೈರೋಗೆ ಬಂದಾಗ ಸಸ್ಯಶಾಸ್ತ್ರಜ್ಞ ಕಮರ್ಸನ್ ಈ ಬಳ್ಳಿಯನ್ನು ಸಂಗ್ರಹಿಸಿದ. ಅವನ ಜೊತೆ ಸಹಾಯಕನ ವೇಷದಲ್ಲಿದ್ದವಳು ಝಾನ್ ಬಾರೆ ಎಂಬ ಹೆಂಗಸು. ಆ ಹಡಗಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ಅದಕ್ಕೇ ಗಂಡಸಿನ ಉಡುಪು. ಭೂಮಿಯನ್ನು ಪೂರ್ತಿ ಸುತ್ತಿ ಬಂದ ಮೊದಲ ಮಹಿಳೆ ಅವಳೇ ಎಂದು ಇತಿಹಾಸ ಗುರುತಿಸುತ್ತದೆ. ಬೋಗನ್‌ವಿಲ್ಲಾ ಅರಳಿದಾಗಲೆಲ್ಲ ನನಗೆ ನೆನಪಾಗುವುದು ನಾವಿಕನಲ್ಲ, ಗಿಡಗಳ ಹೊರೆ ಹೊತ್ತು ನಡೆದ ಅವಳು.

ಬಣ್ಣದ ಕಾಗದದಂತೆ ಕಾಣುವ ಮೂರು ಎಸಳುಗಳ ನಡುವೆ ಇಣುಕಿ ನೋಡಿ. ಬತ್ತಿಯಷ್ಟು ಸಣ್ಣ ಮೂರು ಬಿಳಿ ಕೊಳವೆಗಳಿರುತ್ತವೆ. ನಿಜವಾದ ಹೂವು ಅವು. ಬಣ್ಣದವು ಎಲೆಗಳೇ, ಬಣ್ಣ ತಳೆದ ಎಲೆಗಳು. ಅದಕ್ಕೇ ಅವು ವಾರಗಟ್ಟಲೆ ಬಾಡದೆ ನಿಲ್ಲುತ್ತವೆ.

ಮಳೆಗಾಲದಲ್ಲಿ ಎಲೆ ಬೆಳೆಸಿ, ಒಣ ಕಾಲದಲ್ಲಿ ಹೂ ಬಿಡುವುದು ಇದರ ಹುಟ್ಟುಗುಣ. ಆದ್ದರಿಂದ ಹೀಗೆ ಮಾಡಿ. ಬೆಳೆದ ಕೊಂಬೆಗಳನ್ನು ಸವರಿ. ಹೊಸ ಚಿಗುರು ಒಂದು ಗೇಣು ಬಂದ ಮೇಲೆ ನೀರು ಕಡಿಮೆ ಮಾಡಿ. ಎಲೆ ಸ್ವಲ್ಪ ಬಾಗುವ ತನಕ ಕಾಯಿರಿ, ಆಗ ಒಂದು ಸಲ ಪೂರ್ತಿ ನೀರು ಕೊಟ್ಟು ಮತ್ತೆ ಒಣಗಲು ಬಿಡಿ. ನೆರಳು ಬೇಡವೇ ಬೇಡ, ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಎಲೆ ಬೆಳೆಸುವ ಗೊಬ್ಬರ ಆಗ ಹಾಕಬೇಡಿ. ಬೇರು ಬಿಗಿಯಾಗಿದ್ದರೆ ಒಳ್ಳೆಯದು, ಪ್ರತಿ ವರ್ಷ ದೊಡ್ಡ ಕುಂಡಕ್ಕೆ ಬದಲಿಸುವ ಆಸೆ ಬಿಡಿ.

ಇದೇ ಗುಂಪಿಗೆ ನಿತ್ಯಪುಷ್ಪವೂ ಸೇರುತ್ತದೆ. ಅದು ಮಡಗಾಸ್ಕರ್ ದ್ವೀಪದ್ದು. ಬಂಡೆ ಸಂದಿಯಲ್ಲೂ ಬೆಳೆಯುತ್ತದೆ, ನೀರು ನಿಂತರೆ ಮಾತ್ರ ಬೇಗನೆ ಬುಡ ಕೊಳೆಯುತ್ತದೆ. ಬೀಜ ಮೊಳೆಯಲು ಕತ್ತಲು ಬೇಕು, ಹಾಗಾಗಿ ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಔಷಧಗಳು ಈ ಗಿಡದಿಂದಲೇ ಸಿಕ್ಕವು. ಅದನ್ನು ಕೇಳಿ ಯಾರೂ ಎಲೆ ಅಗಿಯಬಾರದು. ಗಿಡ ವಿಷ. ಔಷಧ ಆಗುವುದು ಅದನ್ನು ಶುದ್ಧ ಮಾಡಿ, ಅಳತೆಯಲ್ಲಿ ಕೊಟ್ಟಾಗ ಮಾತ್ರ. ಕಣಗಿಲೆಯೂ ಹಾಗೆಯೇ, ಎಲೆ, ಹೂ, ಕಾಂಡ ಎಲ್ಲವೂ ವಿಷ. ಸಣ್ಣ ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಕಡೆ ಇವೆರಡನ್ನೂ ಇಡಬೇಡಿ.

ದಪ್ಪ ಎಲೆಯ ಪೋರ್ಚುಲಾಕಾ, ಅಂದರೆ ಟೇಬಲ್ ರೋಸ್, ದಕ್ಷಿಣ ಅಮೆರಿಕದ ಒಣ ಬಯಲಿನದು. ಬಿಸಿಲಿದ್ದರೆ ಅರಳುತ್ತದೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಧೂಳಿನಂಥ ಅದರ ಬೀಜಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಬೇಡಿ.

ಹೆಜ್ಜೆ 5: ಮಣ್ಣೊಳಗೆ ಮಲಗುವ ಗಡ್ಡೆಗಳನ್ನು ಎಬ್ಬಿಸಬೇಡಿ

ಗಡ್ಡೆ ಕಟ್ಟುವ ಹೂಗಿಡದ ತವರಿನಲ್ಲಿ ವರ್ಷದ ಯಾವುದೋ ಒಂದು ಕಾಲ ಕಠಿಣವಾಗಿರುತ್ತದೆ. ಬರಗಾಲವೋ, ಹಿಮವೋ. ಆ ಕಾಲವನ್ನು ದಾಟಲೆಂದೇ ಗಿಡ ಗಡ್ಡೆ ಕಟ್ಟಿಕೊಳ್ಳುವುದು. ನಾವು ಆ ವಿಶ್ರಾಂತಿ ಕೊಡದಿದ್ದರೆ ಮುಂದಿನ ವರ್ಷ ಹೂ ಇಲ್ಲ.

ಟುಲಿಪ್ ಅನ್ನು ಎಲ್ಲರೂ ನೆದರ್ಲೆಂಡ್ಸಿನ ಹೂ ಅಂತಾರೆ. ಅದರ ನಿಜವಾದ ಸೀಮೆ ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿಂದ ಟರ್ಕಿಯ ಆಟೋಮನ್ ದೊರೆಗಳ ಅರಮನೆ ತೋಟಗಳಿಗೆ ಬಂತು, ಆಮೇಲೆ ಯುರೋಪಿಗೆ. 1590ರ ದಶಕದಲ್ಲಿ ಲೈಡನ್ ನಗರದ ತೋಟದಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಬೆಳೆಸಿದ. ಅಲ್ಲಿಂದ ಹುಚ್ಚು ಹಬ್ಬಿತು. ಒಂದು ಗಡ್ಡೆಗೆ ಮನೆಯ ಬೆಲೆ ಕೇಳುವ ಮಟ್ಟಕ್ಕೆ ಹೋಗಿ, 1637ರಲ್ಲಿ ವ್ಯಾಪಾರ ಕುಸಿದುಬಿತ್ತು. ಆಗ ಜನ ಮುಗಿಬಿದ್ದದ್ದು ಬೆಂಕಿಯ ನಾಲಗೆಯಂಥ ಗೆರೆ ಇರುವ ಹೂಗಳಿಗೆ. ಆ ಗೆರೆ ಒಂದು ವೈರಸ್ ರೋಗದಿಂದ ಬಂದದ್ದು, ಗಿಡಹೇನು ಅದನ್ನು ಹರಡುತ್ತಿತ್ತು ಅಂತ ಗೊತ್ತಾಗಲು 20ನೇ ಶತಮಾನ ಬರಬೇಕಾಯಿತು.

ಬೆಟ್ಟದ ಹಿಮದ ಕೆಳಗೆ ಮಲಗಿದ್ದು ಏಳುವ ಗಡ್ಡೆ ಇದು. 12ರಿಂದ 16 ವಾರ ಚಳಿ ಸಿಗದಿದ್ದರೆ ಒಳಗಿನ ಹೂದಂಟು ಉದ್ದವಾಗುವುದೇ ಇಲ್ಲ. ಬೆಚ್ಚಗಿನ ಊರಿನವರು ಗಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಬಹುದು, ಫ್ರೀಜರಿನಲ್ಲಿ ಅಲ್ಲ. ಪಕ್ಕದಲ್ಲಿ ಹಣ್ಣು ಇರಬಾರದು. ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಗಾಳಿ ಗಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಇಷ್ಟೆಲ್ಲ ಮಾಡಿದರೂ ಬಿಸಿ ನಾಡಿನಲ್ಲಿ ಅದು ಒಂದೇ ವರ್ಷದ ಹೂ. ನನ್ನನ್ನು ಕೇಳಿದರೆ, ಅಂಥ ಕಡೆ ಸುಗಂಧರಾಜ ಅಥವಾ ಗ್ಲಾಡಿಯೋಲಸ್ ಬೆಳೆಸುವುದೇ ಒಳ್ಳೆಯದು.

ಅವೆರಡಕ್ಕೂ ಬೆಚ್ಚಗಿನ ಕಾಲದಲ್ಲೇ ಬೆಳವಣಿಗೆ. ಗ್ಲಾಡಿಯೋಲಸ್ ಗಡ್ಡೆಯನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕೆ ಇಡಿ, ಮೇಲೆ ಇಟ್ಟರೆ ಹೂದಂಟು ಬೀಳುತ್ತದೆ. ಹೂ ಮುಗಿದ ಕೂಡಲೇ ಎಲೆ ಕತ್ತರಿಸಬೇಡಿ. ಮುಂದಿನ ವರ್ಷದ ಗಡ್ಡೆಗೆ ಊಟ ತಯಾರಿಸಿ ಕಳಿಸುವುದು ಆ ಎಲೆಗಳೇ. ತಾವಾಗಿ ಹಳದಿಯಾಗಲಿ, ಆಮೇಲೆ ನೀರು ನಿಲ್ಲಿಸಿ.

ಹೆಜ್ಜೆ 6: ಸೇವಂತಿಗೆಗೆ ಕತ್ತಲು ಕೊಡಿ

ಚೀನಾದಲ್ಲಿ 2000 ವರ್ಷಕ್ಕೂ ಹಿಂದಿನಿಂದ ಸೇವಂತಿಗೆ ಬೆಳೆಸುತ್ತಿದ್ದಾರೆ. ಆದರೆ ಗಿಡಗಳು ಹಗಲು ರಾತ್ರಿಯ ಉದ್ದವನ್ನು ಅಳೆಯುತ್ತವೆ ಎಂಬುದನ್ನು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1920ರಲ್ಲಿ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು, ಹೂ ಬಿಡಲು ಹಟ ಮಾಡುತ್ತಿದ್ದ ಒಂದು ಹೊಗೆಸೊಪ್ಪಿನ ತಳಿಯನ್ನು ದಿನಾ ಬೇಗ ಕತ್ತಲೆ ಕೋಣೆಗೆ ಸೇರಿಸಿ ನೋಡಿದರು. ಹೂ ಬಂತು.

ಇವತ್ತು ಹೂ ಬೆಳೆಗಾರರು ಇದನ್ನೇ ಉಪಯೋಗಿಸುತ್ತಾರೆ. ಹೂ ತಡವಾಗಿ ಬೇಕಾದರೆ ನಡುರಾತ್ರಿ ದೀಪ ಹಾಕುತ್ತಾರೆ, ಬೇಗ ಬೇಕಾದರೆ ಸಂಜೆಯಿಂದ ಬೆಳಗಿನ ತನಕ ಕಪ್ಪು ಬಟ್ಟೆ ಹೊದಿಸುತ್ತಾರೆ. ನಾವು ಇಷ್ಟು ಮಾಡಿದರೆ ಸಾಕು. ಹಗಲು ಉದ್ದ ಇರುವ ಕಾಲದಲ್ಲಿ ಗಿಡ ಬೆಳೆಸಿ, ಕುಡಿ ಎರಡು ಮೂರು ಸಲ ಚಿವುಟಿ ಪೊದೆಯಾಗಿಸಿ. ರಾತ್ರಿ ಉದ್ದವಾಗತೊಡಗಿದ ಮೇಲೆ ಚಿವುಟುವುದು ನಿಲ್ಲಿಸಿ, ಇಲ್ಲದಿದ್ದರೆ ಮೊಗ್ಗನ್ನೇ ಚಿವುಟಿದಂತಾಗುತ್ತದೆ. ಬಲ್ಬು, ಬೀದಿದೀಪ, ಕಿಟಕಿಯ ಬೆಳಕು ಬೀಳದ ಕಡೆ ಕುಂಡ ಸರಿಸಿ. ತಳಿಯನ್ನು ನೋಡಿಕೊಂಡು 7ರಿಂದ 12 ವಾರಕ್ಕೆ ಹೂ ಅರಳುತ್ತದೆ.

ಹೆಜ್ಜೆ 7: ಗುಲಾಬಿಗೆ ಎರಡು ತವರು ಅಂತ ತಿಳಿದು ಸವರಿ

ಕಾಡು ಗುಲಾಬಿಗೆ ಸಾಮಾನ್ಯವಾಗಿ ಐದೇ ಎಸಳು. ಭೂಮಿಯ ಉತ್ತರಾರ್ಧದಲ್ಲಿ ಮಾತ್ರ ಅದು ತಾನಾಗಿ ಬೆಳೆದದ್ದು. ಯುರೋಪಿನ ಹಳೇ ಗುಲಾಬಿಗಳು ಹೆಚ್ಚಾಗಿ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. ಚೀನಾದ ಗುಲಾಬಿಗಳು ಮತ್ತೆ ಮತ್ತೆ ಬಿಡುತ್ತಿದ್ದವು. 18ನೇ ಶತಮಾನದ ಕೊನೆಗೆ ಅವು ಯುರೋಪಿಗೆ ಬಂದು ಎರಡೂ ಕಡೆಯವು ಕೂಡಿದವು. 1867ರ 'ಲಾ ಫ್ರಾನ್ಸ್' ಎಂಬ ತಳಿಯನ್ನು, ಹೀಗೆ ಕೂಡಿ ಬಂದ ಹೈಬ್ರಿಡ್ ಟೀ ಎಂಬ ಬಗೆಯ ಗುಲಾಬಿಗಳಲ್ಲಿ ಮೊದಲನೆಯದು ಎನ್ನುತ್ತಾರೆ.

ಸವರುವವರಿಗೆ ಇದರಿಂದ ಸಿಗುವ ಪಾಠ ಸ್ಪಷ್ಟ. ಮತ್ತೆ ಮತ್ತೆ ಹೂ ಬಿಡುವ ಗಿಡ ಹೊಸ ಚಿಗುರಿನಲ್ಲಿ ಬಿಡುತ್ತದೆ, ಧೈರ್ಯವಾಗಿ ಸವರಿ. ವರ್ಷಕ್ಕೊಮ್ಮೆ ಬಿಡುವ ಹಳೇ ತಳಿ ಹಳೇ ಕೊಂಬೆಯಲ್ಲಿ ಬಿಡುತ್ತದೆ, ಅದನ್ನು ಹೂ ಮುಗಿದ ಮೇಲೆ ಮಾತ್ರ ಮುಟ್ಟಿ. ಕಸಿ ಗಿಡವಾದರೆ ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಬುಡದಲ್ಲೇ ಕಿತ್ತುಹಾಕಿ. ಅದು ಬೇರು ಕೊಟ್ಟ ಗಿಡದ್ದು, ಬಿಟ್ಟರೆ ನಿಮ್ಮ ಗುಲಾಬಿಯನ್ನೇ ನುಂಗುತ್ತದೆ. ಹಳದಿ ಬಣ್ಣ ಬಂದದ್ದು ಪಶ್ಚಿಮ ಏಷ್ಯಾದ ಇನ್ನೊಂದು ಗುಲಾಬಿಯಿಂದ. ಅದರ ಜೊತೆಗೇ ಕಪ್ಪು ಚುಕ್ಕೆ ರೋಗಕ್ಕೆ ಬೇಗ ತುತ್ತಾಗುವ ಗುಣವೂ ಬಂತು. ಹಳದಿ ಗುಲಾಬಿಗೆ ಗಾಳಿ ಆಡುವ ಜಾಗ ಕೊಡಿ, ಎಲೆ ಒದ್ದೆ ಮಾಡಬೇಡಿ.

ಹೆಜ್ಜೆ 8: ಬೆಚ್ಚಗಿನ ನಾಡಿನ ಹೂಗಳ ಗುಣ ತಿಳಿದು ನೋಡಿಕೊಳ್ಳಿ

ದುಂಡುಮಲ್ಲಿಗೆ ದಕ್ಷಿಣ ಏಷ್ಯಾದ ಕಡೆಯದು. ಬಿಳಿ ಬಣ್ಣ, ಗಾಢ ಪರಿಮಳ, ಸಂಜೆ ಅರಳುವುದು, ಈ ಮೂರೂ ರಾತ್ರಿ ಹಾರುವ ಪತಂಗವನ್ನು ಕರೆಯಲು. ಬೀಜ ಕಟ್ಟುವುದು ಅಪರೂಪ, ಕಡ್ಡಿ ನೆಟ್ಟೇ ಬೆಳೆಸಬೇಕು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ತಂಪು ಕಾಲದ ಕೊನೆಗೆ ಅರ್ಧದಷ್ಟು ಸವರಿ, ಗೊಬ್ಬರ ಕೊಟ್ಟು, ಪೂರ್ತಿ ಬಿಸಿಲಿಗೆ ಇಡಿ. ಒಂದು ಸುತ್ತು ಹೂ ಮುಗಿದ ಮೇಲೆ ಆ ತುದಿಗಳನ್ನು ಎರಡು ಎಲೆ ಕೆಳಗೆ ಚಿವುಟಿದರೆ ಮತ್ತೊಂದು ಸುತ್ತು ಬರುತ್ತದೆ.

ದಾಸವಾಳದ ಕತೆ ಬೇರೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೀಯಸ್ 1753ರಲ್ಲಿ ಇದಕ್ಕೆ "ಚೀನಾದ ಗುಲಾಬಿ" ಎಂಬ ಅರ್ಥದ ಹೆಸರಿಟ್ಟ. ಆದರೆ ಚೀನಾದಲ್ಲಾಗಲಿ ಬೇರೆಲ್ಲಾಗಲಿ ಇದರ ಕಾಡು ಗಿಡ ಸಿಕ್ಕಿಲ್ಲ. ಮನುಷ್ಯರ ಕೈಯಲ್ಲೇ ದೇಶ ದೇಶ ತಿರುಗಿದ ಗಿಡ ಇದು. ಕೆಂಪು ಬಣ್ಣ, ಬೇಕಾದಷ್ಟು ಮಕರಂದ, ಪರಿಮಳ ಮಾತ್ರ ಇಲ್ಲ. ಇವು ಹಕ್ಕಿಯನ್ನು ಕರೆಯುವ ಹೂವಿನ ಗುರುತು. ಹೂ ಸಾಮಾನ್ಯವಾಗಿ ಒಂದೇ ದಿನ ಬಾಳುತ್ತದೆ, ಸಂಜೆಗೆ ಸುರುಳಿ ಸುತ್ತಿದರೆ ಗಾಬರಿ ಬೇಡ. ಆದರೆ ಮೊಗ್ಗೇ ಉದುರಿದರೆ ಗಮನಿಸಿ. ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಒದ್ದೆಯಾಗುವುದು ಅದಕ್ಕೆ ಸಾಮಾನ್ಯ ಕಾರಣ. ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಜೋರಾಗಿ ನೀರು ಹಾರಿಸಿ ತೊಳೆದು, ಬೇವಿನ ಎಣ್ಣೆ ಸೋಪಿನ ನೀರು ಸಿಂಪಡಿಸಿ.

ಕನಕಾಂಬರ ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು, ಅರೆ ನೆರಳಲ್ಲೂ ಹೂ ಬಿಡುತ್ತದೆ. ಒಣಗಿದ ಅದರ ತೆನೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಕಾಯಿರಿ. ಚಟ್ ಅಂತ ಸಿಡಿದು ಬೀಜ ಹಾರುತ್ತದೆ. ಮಳೆ ಬಂದಾಗಲೇ ಬೀಜ ನೆಲಕ್ಕೆ ಬೀಳಲಿ ಅಂತ ಗಿಡ ಮಾಡಿಕೊಂಡ ಏರ್ಪಾಟು. ಬೀಜ ಬೇಕಾದರೆ ತೆನೆಯನ್ನು ಕಾಗದದ ಚೀಲದೊಳಗಿಟ್ಟು ನೀರು ಚಿಮುಕಿಸಿ.

ಹೆಜ್ಜೆ 9: ಸೊರಗಿದ ಗಿಡಕ್ಕೆ ಒಂದೊಂದನ್ನೇ ಬದಲಿಸಿ

ಈಗ ನಿಮ್ಮ ತೋಟದಲ್ಲಿ ಹೂ ಬಿಡದೆ ಬೇಸರ ತರಿಸಿರುವ ಒಂದು ಗಿಡವನ್ನು ಆರಿಸಿಕೊಳ್ಳಿ. ಅದರ ತವರು, ಅಲ್ಲಿನ ಮಳೆ, ರಾತ್ರಿ, ಮಣ್ಣು, ಬೆಳಕು ಇವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ ನೀವು ಕೊಡುತ್ತಿರುವುದನ್ನು ಬರೆಯಿರಿ. ಎಲ್ಲಿ ಜಾಸ್ತಿ ವ್ಯತ್ಯಾಸ ಇದೆಯೋ ಅದೊಂದನ್ನೇ ಬದಲಿಸಿ. ಜಾಗ, ಮಣ್ಣು, ಗೊಬ್ಬರ ಎಲ್ಲ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಮೂರರಿಂದ ನಾಲ್ಕು ವಾರ ಕಾಯಿರಿ, ಹೊಸ ಚಿಗುರನ್ನು ನೋಡಿ. ಹಳೇ ಎಲೆ ಸುಧಾರಿಸುವುದಿಲ್ಲ, ಅದನ್ನು ನೋಡಿ ನಿರ್ಧಾರ ಮಾಡಬೇಡಿ.

ಬದಲಿಸಿದ ದಿನಾಂಕವನ್ನೂ ಅದೇ ಚೀಟಿಯಲ್ಲಿ ಬರೆದಿಡಿ. ನಾನು ಆ ಬಲ್ಬು ಆರಿಸಿದ ದಿನವನ್ನು ಕುಂಡದ ಮೇಲೇ ಸೀಮೆಸುಣ್ಣದಲ್ಲಿ ಬರೆದಿದ್ದೆ. ಸೇವಂತಿಗೆಯ ಬಲಗಡೆ, ಕಡಲೆಕಾಳಿಗಿಂತ ಚಿಕ್ಕದಾದ ಮೊದಲ ಹಸಿರು ಮೊಗ್ಗು ಕಂಡದ್ದು 24ನೇ ದಿನ ಬೆಳಿಗ್ಗೆ.